ಪೊಲೀಸರ ಫೋಟೋ ತೆಗೆಯುವುದು ಅಪರಾಧವೇ? – ನಾನೇ ಅಳಿಸಲು ಹೇಳಿದ ಒಂದು ವಿಡಿಯೋದ ಕಥೆ

ಮಹಾನಗರದಲ್ಲಿ ನೆಲೆಸಿರುವ ನಾವು ತುಳು-ಕನ್ನಡಿಗರು ಸಾಮಾನ್ಯವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರಲ್ಲ. ಪಾಸ್‌ಪೋರ್ಟ್ ಪರಿಶೀಲನೆ, ಗಣೇಶೋತ್ಸವದ ಧ್ವನಿವರ್ಧಕಕ್ಕೆ ಪರವಾನಿಗೆ, ಲೋಕಲ್ ಟ್ರೈನಿನಲ್ಲಿ ಕಳೆದುಹೋದ ಮೊಬೈಲಿನ ದೂರು, ಇಷ್ಟಕ್ಕೇ ನಮ್ಮ ಸಂಬಂಧ ಮುಗಿಯುತ್ತದೆ. ಖಾಕಿ ಕಂಡರೆ ದೂರದಿಂದಲೇ ಕೈಮುಗಿದು ದಾಟಿಹೋಗುವುದು ಊರಿನಿಂದ ಬರುವಾಗಲೇ ನಾವು ಕಟ್ಟಿಕೊಂಡು ಬಂದ ಬುತ್ತಿ. ನನ್ನದೂ ಅದೇ ಜಾತಿಯ ಭಯ. ಹಗಲು ಕ್ಯಾಂಟೀನಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕಳೆದ ನನಗೆ ಲೆಕ್ಕಪತ್ರ ಗೊತ್ತು, ಕಾನೂನು ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಬೆಲೆಯನ್ನು ನಾನು ತೆತ್ತಿದ್ದರೆ ಅದು ನನ್ನ ಪಾಡು. ಆದರೆ ತೆತ್ತವನು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ. ಅದಕ್ಕಾಗಿಯೇ ಈ ಲೇಖನ.

2023ರ ನವೆಂಬರ್ ತಿಂಗಳ ಒಂದು ರಾತ್ರಿ. ಹನ್ನೆರಡೂವರೆಯ ಹೊತ್ತಿಗೆ ನನ್ನ ಮೊಬೈಲ್ ರಿಂಗಾಯಿತು. ನಮ್ಮ ಉಪನಗರದ ಕನ್ನಡ ಸಂಘದ ಜತೆ ಕಾರ್ಯದರ್ಶಿ ಎಂಬ ನೆಲೆಯಲ್ಲಿ ನನ್ನ ನಂಬರು ಹಲವು ಹೊಟೇಲುಗಳ ಗಲ್ಲಾದ ಗೋಡೆಯ ಮೇಲೆ ಬರೆದಿರುತ್ತದೆ. ಕುಂದಾಪುರ ಕಡೆಯ ಒಬ್ಬ ಹುಡುಗ ಸಣ್ಣ ಹೊಟೇಲೊಂದರಲ್ಲಿ ಕ್ಯಾಶಿಯರ್. ಆ ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಶಟರ್ ಅರ್ಧ ಎಳೆದು ನೆಲ ತೊಳೆಯುತ್ತಿದ್ದರಂತೆ. ಗಸ್ತಿನಲ್ಲಿ ಬಂದ ಪೊಲೀಸರು 'ಇನ್ನೂ ಯಾಕೆ ತೆರೆದಿದೆ' ಎಂದು ಗದರಿಸಿದ್ದಾರೆ. ಹುಡುಗ ತನಗೆ ಗೊತ್ತಿದ್ದ ಅರೆಬರೆ ಮರಾಠಿಯಲ್ಲಿ 'ಬಂದ್ ಆಗಿದೆ ಸಾಹೇಬ್' ಎಂದಿದ್ದಾನೆ. ಮಾತಿಗೆ ಮಾತು ಬೆಳೆದು ಒಬ್ಬರು ಅವನ ಎಡಗೆನ್ನೆಗೆ ಬಲವಾಗಿ ಹೊಡೆದಿದ್ದಾರೆ. ಒಳಗಿದ್ದ ಇನ್ನೊಬ್ಬ ಹುಡುಗ ಇದನ್ನೆಲ್ಲ ಮೊಬೈಲಿನಲ್ಲಿ ತೆಗೆದಿದ್ದಾನೆ. ಒಟ್ಟು ನಲವತ್ತು ಸೆಕೆಂಡು. ಅದನ್ನು ಕಂಡದ್ದೇ ತಡ, ಇಬ್ಬರನ್ನೂ ಜೀಪಿಗೆ ಹತ್ತಿಸಿದ್ದಾರೆ.

ನಾನು ರಿಕ್ಷಾ ಹಿಡಿದು ಠಾಣೆಗೆ ಹೋದಾಗ ಇಬ್ಬರೂ ಬೆಂಚಿನ ಮೇಲೆ ಕುಳಿತಿದ್ದರು. ಪೆಟ್ಟು ತಿಂದವನು ಕಿವಿಯ ಮೇಲೆ ಕೈ ಇಟ್ಟುಕೊಂಡಿದ್ದ. ಅಲ್ಲಿನ ಅಧಿಕಾರಿ ನನ್ನೊಂದಿಗೆ ಒರಟಾಗಿಯೇನೂ ಮಾತನಾಡಲಿಲ್ಲ. ಕೂರಿಸಿ ನಿಧಾನವಾಗಿಯೇ ಹೇಳಿದರು: ಪೊಲೀಸರ ವಿಡಿಯೋ ತೆಗೆಯುವುದು ದೊಡ್ಡ ಗುನ್ಹೆ, ಸರಕಾರಿ ರಹಸ್ಯದ ಕಾಯ್ದೆ ಹಾಕಬಹುದು, ಕರ್ತವ್ಯಕ್ಕೆ ಅಡ್ಡಿ ಎಂದೂ ಹಾಕಬಹುದು, ಹುಡುಗರ ಭವಿಷ್ಯ ಹಾಳಾಗುತ್ತದೆ, ನೀವು ಹಿರಿಯರು, ತಿಳಿಹೇಳಿ. ನಾನು ತಿಳಿಹೇಳಿದೆ. 'ಅಳಿಸಿಬಿಡು ಮಾರಾಯ, ನಾವು ಪರವೂರಲ್ಲಿ ಇರುವವರು, ಯಾಕೆ ಬೇಕು' ಎಂದೆ. ಹುಡುಗ ನನ್ನ ಮುಖವನ್ನೊಮ್ಮೆ ನೋಡಿ, ಅಧಿಕಾರಿಯ ಎದುರಿಗೇ ವಿಡಿಯೋ ಅಳಿಸಿದ. ಅಳಿಸಿದವುಗಳ ಪೆಟ್ಟಿಗೆಯಿಂದಲೂ ತೆಗೆಸಿದರು. ಎರಡೂವರೆಗೆ ನಮ್ಮನ್ನು ಬಿಟ್ಟರು. ಹೊರಗೆ ಬಂದು ಚಹಾ ಕುಡಿಸಿ ದೊಡ್ಡ ಕೆಲಸ ಮಾಡಿದವನಂತೆ ಮನೆಗೆ ಹೋಗಿ ಮಲಗಿದೆ.

ಮೂರನೆಯ ದಿನ ತಿಳಿಯಿತು, ಹುಡುಗನ ಎಡಕಿವಿಯ ತಮಟೆಯಲ್ಲಿ ತೂತಾಗಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಹೇಗಾಯಿತು ಎಂದು ಕೇಳಿದಾಗ ಅವನು ಹೆದರಿ 'ಬಚ್ಚಲಲ್ಲಿ ಜಾರಿಬಿದ್ದೆ' ಎಂದಿದ್ದ. ಕಾಗದದಲ್ಲಿ ಅದೇ ದಾಖಲಾಯಿತು. ಮತ್ತೆ ನಾವು ಕೆಲವರು ಸೇರಿ ದೂರು ಬರೆದು ಕೊಟ್ಟೆವು. ಮೇಲಿನ ಕಚೇರಿಗೂ ಹೋದೆವು. ಎಲ್ಲ ಕಡೆ ಒಂದೇ ಪ್ರಶ್ನೆ: 'ಪುರಾವೆ ಏನಿದೆ?' ಪುರಾವೆ ನಲವತ್ತು ಸೆಕೆಂಡು ಇತ್ತು. ಅದನ್ನು ಅಳಿಸಲು ಹೇಳಿದವನು ನಾನು. ಎರಡು ತಿಂಗಳ ಬಳಿಕ ಮಾಹಿತಿ ಹಕ್ಕಿನ ಅಡಿ ಆ ರಾತ್ರಿಯ ಠಾಣೆಯ ಸಿಸಿಟಿವಿ ದೃಶ್ಯ ಕೇಳಿದೆವು. 'ಲಭ್ಯವಿಲ್ಲ' ಎಂಬ ಉತ್ತರ ಬಂತು.

ಕಾನೂನು ನಿಜವಾಗಿ ಹೇಳುವುದೇನು?

ಆ ಮೇಲೆ ನನಗೆ ನಿದ್ದೆ ಬರಲಿಲ್ಲ. ಸಂಘದ ಸದಸ್ಯರಾದ ಒಬ್ಬ ವಕೀಲರಲ್ಲಿ ಹೋಗಿ ಕುಳಿತೆ. ಅವರು ಹೇಳಿದ ಮೊದಲ ಮಾತಿಗೇ ನಾನು ತಲೆತಗ್ಗಿಸಬೇಕಾಯಿತು. ನನ್ನನ್ನು ಹೆದರಿಸಿದ ಆ 'ರಹಸ್ಯದ ಕಾಯ್ದೆ'ಯ ಬಗ್ಗೆ ನಮ್ಮದೇ ಬಾಂಬೆ ಹೈಕೋರ್ಟು ಒಂದು ವರ್ಷಕ್ಕೂ ಮೊದಲೇ ತೀರ್ಪು ಕೊಟ್ಟಾಗಿತ್ತು!

ಪ್ರಕರಣ ವಿದರ್ಭದ ವರ್ಧಾದ್ದು. 2018ರಲ್ಲಿ ಒಬ್ಬ ಗೃಹಸ್ಥರು ನೆರೆಮನೆಯವರೊಂದಿಗಿನ ಜಗಳದ ಸಂಬಂಧ ಪತ್ನಿಯೊಡನೆ ಪೊಲೀಸ್ ಠಾಣೆಗೆ ಹೋಗಿದ್ದರು. ಅಲ್ಲಿ ನಡೆದ ಮಾತುಕತೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದರೆಂದು ಅವರ ಮೇಲೆ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಇದು 1923ರ ಕಾಯ್ದೆ. ಬ್ರಿಟಿಷರ ಕಾಲದಲ್ಲಿ ಗೂಢಚಾರರನ್ನು ಹಿಡಿಯಲು ಮಾಡಿದ್ದು. ಸೇನಾ ನೆಲೆ, ನೌಕಾನೆಲೆ, ಶಸ್ತ್ರಾಗಾರ ಮುಂತಾದ 'ನಿಷೇಧಿತ ಸ್ಥಳ'ಗಳ ಚಿತ್ರ ತೆಗೆದು ಶತ್ರುವಿಗೆ ಕೊಡಬಾರದು ಎಂಬುದು ಅದರ ಉದ್ದೇಶ. 2022ರ ಜುಲೈಯಲ್ಲಿ ಹೈಕೋರ್ಟಿನ ನಾಗಪುರ ಪೀಠವು ಕಾಯ್ದೆಯ 2(8)ನೇ ಕಲಮನ್ನು ಬಿಡಿಸಿ ನೋಡಿ, ನಿಷೇಧಿತ ಸ್ಥಳಗಳ ಆ ವ್ಯಾಖ್ಯೆಯಲ್ಲಿ ಪೊಲೀಸ್ ಠಾಣೆ ಸೇರಿಲ್ಲ, ಆದ್ದರಿಂದ ಅಲ್ಲಿ ವಿಡಿಯೋ ತೆಗೆದದ್ದು ಈ ಕಾಯ್ದೆಯ ಪ್ರಕಾರ ಅಪರಾಧವಾಗದು ಎಂದು ಸ್ಪಷ್ಟವಾಗಿ ಹೇಳಿ ಪ್ರಕರಣ ರದ್ದುಪಡಿಸಿತು. ಮುಂದೆ 2024ರಲ್ಲಿ ಔರಂಗಾಬಾದ್ ಪೀಠದ ಮುಂದೆಯೂ ಇಂಥದೇ ವಿಷಯ ಬಂತು. ಠಾಣೆಯಲ್ಲಿ ಪೊಲೀಸರೊಂದಿಗಿನ ಸಂಭಾಷಣೆಯನ್ನು ಧ್ವನಿಮುದ್ರಿಸಿಕೊಂಡವರ ಮೇಲಿನ ರಹಸ್ಯ ಕಾಯ್ದೆಯ ಆರೋಪವನ್ನು ಆ ಪೀಠವೂ ಇದೇ ಕಾರಣಕ್ಕೆ ತೆಗೆದುಹಾಕಿತು.

ಠಾಣೆಯ ಒಳಗಿನ ಕಥೆಯೇ ಹೀಗಿರುವಾಗ ನಮ್ಮ ಹುಡುಗ ವಿಡಿಯೋ ತೆಗೆದದ್ದು ಹೊಟೇಲಿನ ಬಾಗಿಲಲ್ಲಿ, ಸಾರ್ವಜನಿಕ ರಸ್ತೆಯ ಕಡೆಗೆ! ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಪೊಲೀಸರ ಚಿತ್ರ ತೆಗೆಯಬಾರದು ಎನ್ನುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಇರುವುದು ಸರಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಬಾರದು, ಅವನ ಮೇಲೆ ಬಲಪ್ರಯೋಗ ಮಾಡಬಾರದು ಎಂಬ ಕಲಮುಗಳು. ಹಿಂದಿನ ದಂಡ ಸಂಹಿತೆಯ 186 ಮತ್ತು 353. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 221 ಮತ್ತು 132. ದೂರ ನಿಂತು ಚಿತ್ರ ತೆಗೆಯುವುದು ಬೇರೆ, ಅಡ್ಡ ನಿಂತು ತಡೆಯುವುದು ಬೇರೆ. ಈ ಎರಡರ ನಡುವಿನ ಗೆರೆಯನ್ನು ಕೆಲವೊಮ್ಮೆ ಪೊಲೀಸರು ಅಳಿಸುತ್ತಾರೆ, ಕೆಲವೊಮ್ಮೆ ನಮ್ಮ ಉತ್ಸಾಹಿ ಯುವಕರೂ ಅಳಿಸುತ್ತಾರೆ. ಇನ್ನು ಮೊಬೈಲನ್ನು ಸಾಕ್ಷ್ಯವೆಂದು ವಶಪಡಿಸಿಕೊಳ್ಳಬೇಕಾದರೆ ಅದಕ್ಕೆ ಲಿಖಿತ ದಾಖಲೆ ಇರಬೇಕು. ಸಾಕ್ಷ್ಯವನ್ನು ಕಾಪಾಡುವುದು ಪೊಲೀಸರ ಕೆಲಸ, ಅಳಿಸುವುದಲ್ಲ. ಇದನ್ನು ಆ ರಾತ್ರಿ ಒಂದು ಮಾತಿನಲ್ಲಿ ಹೇಳುವಷ್ಟು ನನಗೆ ಗೊತ್ತಿದ್ದರೆ!

ಕ್ಯಾಮೆರಾದ ಕೆಳಗೆ ಕುಳಿತವನ ಅನುಭವ

ಇಷ್ಟು ಹೇಳಿ ಪೊಲೀಸರೆಲ್ಲ ಕೆಟ್ಟವರು ಎಂದು ಮುಗಿಸಿಬಿಟ್ಟರೆ ಅದು ಅನ್ಯಾಯವಾದೀತು. ಏಕೆಂದರೆ ನಾನು ಕೂಡ ಕ್ಯಾಮೆರಾದ ಎದುರಿಗೆ ಕುಳಿತು ಸಂಬಳ ತೆಗೆದುಕೊಳ್ಳುವ ಮನುಷ್ಯ. ಬೇರೆಯವರು ನಮ್ಮನ್ನು ಚಿತ್ರೀಕರಿಸುವಾಗ ಏನಾಗುತ್ತದೆ ಎಂಬುದು ನನಗೆ ಗೊತ್ತು.

2016ರ ನೋಟು ರದ್ದತಿಯ ದಿನಗಳನ್ನು ಓದುಗರು ಮರೆತಿರಲಾರರು. ಬೆಳಿಗ್ಗೆ ಆರಕ್ಕೇ ನಮ್ಮ ಶಾಖೆಯ ಎದುರು ಸಾಲು ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ನಗದು ಮುಗಿಯಿತು. ಕೌಂಟರಿನಲ್ಲಿ ನಾನು ಕೈಯಾಡಿಸಿ 'ಇಲ್ಲ' ಎಂದೆ. ಬಳಿಕ ಪಕ್ಕದಲ್ಲಿದ್ದ ಕಟ್ಟೊಂದನ್ನು ಒಳಗೆ ಸರಿಸಿದೆ. ಅದು ಜನ ಕಟ್ಟಿದ ಹಳೆಯ ನೋಟುಗಳ ಕಟ್ಟು. ಒಬ್ಬ ಗ್ರಾಹಕರು ಅಷ್ಟನ್ನೇ, ಇಪ್ಪತ್ತು ಸೆಕೆಂಡು, ಮೊಬೈಲಿನಲ್ಲಿ ತೆಗೆದು 'ಬ್ಯಾಂಕಿನವರು ನೋಟು ಬಚ್ಚಿಡುತ್ತಿದ್ದಾರೆ' ಎಂದು ವಾಟ್ಸಾಪಿಗೆ ಹಾಕಿದರು. ಸಂಜೆಯೊಳಗೆ ಅದು ನನ್ನ ಹೌಸಿಂಗ್ ಸೊಸೈಟಿಗೂ ತಲುಪಿತು. ಲಿಫ್ಟಿನಲ್ಲಿ ಜನ ಮಾತು ನಿಲ್ಲಿಸುತ್ತಿದ್ದರು. ನನ್ನ ಹೆಂಡತಿ ಎರಡು ದಿನ ತರಕಾರಿಗೂ ಕೆಳಗಿಳಿಯಲಿಲ್ಲ.

ನನ್ನನ್ನು ಉಳಿಸಿದ್ದು ಇನ್ನೊಂದು ಕ್ಯಾಮೆರಾ. ಮೆನೇಜರರು ಶಾಖೆಯ ಸಿಸಿಟಿವಿ ತೆರೆದರು. ಅದರಲ್ಲಿ ಇಪ್ಪತ್ತು ಸೆಕೆಂಡಲ್ಲ, ಇಡೀ ದಿನ ಇತ್ತು. ಯಾವ ಕಟ್ಟು ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬುದೆಲ್ಲ ಇತ್ತು. ದೂರಿದ ಗ್ರಾಹಕರನ್ನೇ ಕರೆದು ತೋರಿಸಿದರು. ಅವರು ಕ್ಷಮೆ ಕೇಳಿದರು. ಆ ಅವಧಿಯ ಚಿತ್ರೀಕರಣವನ್ನು, ನವೆಂಬರ್ 8ರಿಂದ ಡಿಸೆಂಬರ್ 30ರ ತನಕದ್ದನ್ನು, ಜೋಪಾನವಾಗಿಡಲು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಆಗ ನಮ್ಮಲ್ಲಿ ಕೆಲವರು 'ನಮ್ಮನ್ನು ಕಳ್ಳರಂತೆ ನೋಡುತ್ತಾರೆ' ಎಂದು ಗೊಣಗಿದ್ದುಂಟು. ನಾನು ಗೊಣಗಲಿಲ್ಲ.

ಈ ಅನುಭವದಿಂದ ನಾನು ಕಲಿತದ್ದು ಇಷ್ಟೇ. ತುಂಡು ವಿಡಿಯೋದಿಂದ ಅನ್ಯಾಯವಾಗಬಹುದು, ನಿಜ. ಆದರೆ ಅದಕ್ಕೆ ಮದ್ದು ಪೂರ್ಣ ವಿಡಿಯೋ, ವಿಡಿಯೋ ಇಲ್ಲದಿರುವುದಲ್ಲ. ಪ್ರಾಮಾಣಿಕ ಕ್ಯಾಶಿಯರನಿಗೆ ತಲೆಯ ಮೇಲಿನ ಕ್ಯಾಮೆರಾ ಕಾವಲುಗಾರ. ಪ್ರಾಮಾಣಿಕ ಹವಾಲ್ದಾರನಿಗೂ ಅಷ್ಟೇ. ಬೇರೆಯವರ ಹಣ ಮುಟ್ಟುವ ನಾವು ಪ್ರತಿದಿನ ಸಂಜೆ ಲೆಕ್ಕ ತಾಳೆ ಹಾಕಿಯೇ ಮನೆಗೆ ಹೋಗುತ್ತೇವೆ. ಹತ್ತು ರೂಪಾಯಿ ಕಡಿಮೆ ಬಂದರೆ ಏಳುವಂತಿಲ್ಲ. ಹಾಗಿರುವಾಗ ಬೇರೆಯವರ ಮೈ ಮುಟ್ಟುವ ಅಧಿಕಾರ ಪಡೆದವರ ಲೆಕ್ಕ ತಾಳೆ ಹಾಕುವುದು ಬೇಡವೇ?

ಪೊಲೀಸರ ಮಾತಿನಲ್ಲೂ ಹುರುಳಿದೆ

ನನಗೆ ಪರಿಚಯದ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಇದ್ದಾರೆ, ಮರಾಠಿಗರು. ಬೆಳಿಗ್ಗೆ ತಿರುಗಾಡುವಾಗ ಸಿಗುತ್ತಾರೆ. ಅವರಲ್ಲಿ ಈ ಚರ್ಚೆ ಎತ್ತಿದೆ. ಅವರು ಹೇಳಿದ್ದನ್ನು ಬರೆಯದಿದ್ದರೆ ಲೇಖನ ಒಂದು ಕಣ್ಣಿನದಾಗುತ್ತದೆ. 'ಹನ್ನೆರಡು ಗಂಟೆ ಬಂದೋಬಸ್ತಿನಲ್ಲಿ ನಿಂತು, ನೀರು ಕುಡಿಯಲೂ ಆಗದೆ, ಕುಡುಕನೊಬ್ಬ ತಾಯಿಯ ಹೆಸರೆತ್ತಿ ಬೈಯುವಾಗ ಯಾರೂ ಮೊಬೈಲ್ ಎತ್ತುವುದಿಲ್ಲ. ಹದಿಮೂರನೇ ಗಂಟೆಗೆ ನಮ್ಮ ಹುಡುಗ ಕೈ ಎತ್ತಿದರೆ ಹತ್ತು ಮೊಬೈಲ್ ಏಳುತ್ತದೆ' ಎಂದರು. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳು, ಮಕ್ಕಳು, ಗುಪ್ತ ಮಾಹಿತಿದಾರರು ಠಾಣೆಗೆ ಬರುತ್ತಾರೆ, ಅವರ ಮುಖ ವಿಡಿಯೋದಲ್ಲಿ ಬಿದ್ದರೆ ಗತಿ ಏನು ಎಂದೂ ಕೇಳಿದರು. ಇದು ಸರಿಯಾದ ಮಾತು. ಅಂಥ ಸಂತ್ರಸ್ತರ ಗುರುತು ಬಯಲು ಮಾಡುವುದು ಕಾನೂನಿನಲ್ಲೇ ಅಪರಾಧ.

ಈ ನಗರದ ಪೊಲೀಸರ ಋಣ ನಮ್ಮ ಮೇಲೆ ಸಣ್ಣದಲ್ಲ. 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಬರೇ ಲಾಠಿ ಹಿಡಿದಿದ್ದ ಸಹಾಯಕ ಉಪನಿರೀಕ್ಷಕ ತುಕಾರಾಮ್ ಓಂಬ್ಳೆಯವರು ಕಸಬ್‌ನ ಬಂದೂಕಿನ ನಳಿಗೆಯನ್ನೇ ಹಿಡಿದು ಗುಂಡುಗಳನ್ನು ತನ್ನ ಮೈಯಲ್ಲಿ ತಡೆದುಕೊಂಡರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಅದೇ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲಿ ಪತ್ರಿಕಾ ಛಾಯಾಗ್ರಾಹಕ ಸೆಬಾಸ್ಟಿಯನ್ ಡಿಸೋಜಾ ಅವರು ಪ್ರಾಣವನ್ನು ಪಣಕ್ಕಿಟ್ಟು ತೆಗೆದ ಕಸಬ್‌ನ ಚಿತ್ರ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು. ಒಬ್ಬರದು ಲಾಠಿ, ಇನ್ನೊಬ್ಬರದು ಕ್ಯಾಮೆರಾ. ಆ ರಾತ್ರಿ ಎರಡೂ ನಮ್ಮ ಪರವಾಗಿಯೇ ಇದ್ದವು. ಕ್ಯಾಮೆರಾ ಎಂದರೆ ಪೊಲೀಸರ ವೈರಿ ಎಂಬ ಭಾವನೆಯೇ ತಪ್ಪು. 2016ರಿಂದ ಈ ನಗರದಲ್ಲಿ ಸಾವಿರಾರು ಸಿಸಿಟಿವಿಗಳು ರಸ್ತೆ ರಸ್ತೆಯಲ್ಲಿ ನಮ್ಮನ್ನು ನೋಡುತ್ತಿವೆ. ಸಿಗ್ನಲ್ ದಾಟಿದರೆ ಫೋಟೋ ಸಹಿತ ಇ-ಚಲನ್ ಮೊಬೈಲಿಗೇ ಬರುತ್ತದೆ. ನಾವು ಅದನ್ನು ಒಪ್ಪಿಕೊಂಡಿದ್ದೇವೆ. ನೋಡುವ ಕಣ್ಣು ಒಂದೇ ಕಡೆಗೆ ಇರಬೇಕೆಂದರೆ ಮಾತ್ರ ಒಪ್ಪುವುದು ಕಷ್ಟ.

ಲಾಸ್ ಏಂಜಲಿಸ್‌ನಿಂದ ಸಾತಾನ್‌ಕುಳಂ ತನಕ

ಈ ಚರ್ಚೆ ನಮ್ಮಲ್ಲಿ ಮಾತ್ರ ಇರುವುದಲ್ಲ. 1991ರ ಮಾರ್ಚ್ 3ರಂದು ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕರಿಯ ಯುವಕನನ್ನು ಪೊಲೀಸರು ಬಡಿಯುತ್ತಿದ್ದುದನ್ನು ಎದುರು ಮನೆಯ ಬಾಲ್ಕನಿಯಿಂದ ಒಬ್ಬರು ಚಿಕ್ಕ ವಿಡಿಯೋ ಕ್ಯಾಮೆರಾದಲ್ಲಿ ತೆಗೆದರು. ಜಗತ್ತೆಲ್ಲ ಅದನ್ನು ನೋಡಿತು. ಆದರೂ 1992ರ ಏಪ್ರಿಲ್‌ನಲ್ಲಿ ಮೊದಲ ನ್ಯಾಯಾಲಯದಲ್ಲಿ ಯಾವ ಪೊಲೀಸನಿಗೂ ಶಿಕ್ಷೆಯಾಗಲಿಲ್ಲ. ನಗರ ಹೊತ್ತಿ ಉರಿಯಿತು. ಮರುವರ್ಷ ಇನ್ನೊಂದು ವಿಚಾರಣೆಯಲ್ಲಿ ಇಬ್ಬರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಅಂದರೆ ವಿಡಿಯೋ ಇದ್ದ ಮಾತ್ರಕ್ಕೆ ನ್ಯಾಯ ತಾನಾಗಿ ನಡೆದು ಬರುವುದಿಲ್ಲ.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಅಧಿಕಾರಿಯ ಮೊಣಕಾಲಿನ ಅಡಿಯಲ್ಲಿ ಸತ್ತಾಗ ಪೊಲೀಸರ ಮೊದಲ ಪ್ರಕಟಣೆ ಏನೆಂದಿತು ಗೊತ್ತೇ? ಪೊಲೀಸರೊಂದಿಗಿನ ವ್ಯವಹಾರದ ವೇಳೆ ವೈದ್ಯಕೀಯ ತೊಂದರೆಯಿಂದ ಒಬ್ಬ ಮೃತಪಟ್ಟ ಎಂದು! ದಾರಿಯಲ್ಲಿ ಹೋಗುತ್ತಿದ್ದ ಹದಿನೇಳು ವರ್ಷದ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಕದಲದೆ ನಿಂತಿರದಿದ್ದರೆ ಆ ಪ್ರಕಟಣೆಯೇ ಸತ್ಯವಾಗಿ ಉಳಿಯುತ್ತಿತ್ತೋ ಏನೋ. 2021ರಲ್ಲಿ ಆ ಅಧಿಕಾರಿಗೆ ಇಪ್ಪತ್ತೆರಡೂವರೆ ವರ್ಷ ಸಜೆಯಾಯಿತು. ಹುಡುಗಿಗೆ ಪುಲಿಟ್ಜರ್ ಸಮಿತಿಯ ವಿಶೇಷ ಗೌರವ ದೊರೆಯಿತು. ಅವಳೂ ನಮ್ಮ ಹೊಟೇಲಿನ ಹುಡುಗನ ಹಾಗೆಯೇ ಸಾಮಾನ್ಯಳು. ಒಂದೇ ವ್ಯತ್ಯಾಸ, ಅಳಿಸಿಬಿಡು ಎನ್ನುವ ಹಿರಿಯರು ಅವಳ ಪಕ್ಕದಲ್ಲಿ ಇರಲಿಲ್ಲ.

ಅಮೆರಿಕ ದೂರವಾಯಿತೆನ್ನುವವರು ನೆರೆಯ ತಮಿಳುನಾಡನ್ನು ನೋಡಬಹುದು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ತೂತ್ತುಕುಡಿ ಜಿಲ್ಲೆಯ ಸಾತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ತಂದೆ-ಮಗನನ್ನು ಅಂಗಡಿ ಮುಚ್ಚುವ ಹೊತ್ತಿನ ತಕರಾರಿನ ಮೇಲೆ ಪೊಲೀಸರು ಕರೆದೊಯ್ದರು. ಕೆಲವೇ ದಿನಗಳಲ್ಲಿ ಇಬ್ಬರೂ ಹೆಣವಾದರು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಕಂಡದ್ದೇನೆಂದರೆ, ಠಾಣೆಯಲ್ಲಿ ಸಿಸಿಟಿವಿ ಇತ್ತು, ಸಂಗ್ರಹಿಸಲು ಸಾಕಷ್ಟು ಜಾಗವೂ ಇತ್ತು, ಆದರೆ ದಿನದಿನದ ದೃಶ್ಯ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಿಡಲಾಗಿತ್ತು. ಅಂಗಡಿ ಮುಚ್ಚುವ ಹೊತ್ತು ಎಂಬ ಮಾತು ಓದಿದಾಗ ನನಗೆ ಆ ಅರ್ಧ ಎಳೆದ ಶಟರ್ ನೆನಪಾಗಿ ಮೈ ನಡುಗಿತು. ನಮ್ಮ ಹುಡುಗ ಕಿವಿಯೊಂದರ ನೋವಿನೊಂದಿಗೆ ಮರಳಿದ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಠಾಣೆಯೊಳಗಿನ ಕ್ಯಾಮೆರಾ

ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಮಹತ್ವದ ಆದೇಶ ಕೊಟ್ಟಿತು. ದೇಶದ ಪ್ರತಿ ಠಾಣೆಯಲ್ಲೂ ದ್ವಾರ, ಲಾಕಪ್, ಓಣಿ, ಸ್ವಾಗತ ಕೊಠಡಿ, ನಿರೀಕ್ಷಕರ ಕೋಣೆ, ಹಿಂಭಾಗ ಹೀಗೆ ಎಲ್ಲೆಡೆ ಸಿಸಿಟಿವಿ ಇರಬೇಕು. ರಾತ್ರಿಯಲ್ಲೂ ಕಾಣಬೇಕು, ಧ್ವನಿಯೂ ದಾಖಲಾಗಬೇಕು. ದೃಶ್ಯಗಳನ್ನು ಹದಿನೆಂಟು ತಿಂಗಳು, ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು. ಕ್ಯಾಮೆರಾ ಇದೆ ಎಂಬ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಹಾಕಬೇಕು. ನಮಗೆ ಎರಡೇ ತಿಂಗಳಿಗೆ 'ಲಭ್ಯವಿಲ್ಲ' ಎಂಬ ಉತ್ತರ ಬಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಮ್ಮ ಬ್ಯಾಂಕುಗಳಲ್ಲಿ ಲಾಕರ್ ಕೋಣೆಯ ಬಾಗಿಲಿನ ಚಿತ್ರೀಕರಣವನ್ನು ಕಡಿಮೆಯೆಂದರೆ 180 ದಿನ ಇಡಬೇಕೆಂದು ರಿಸರ್ವ್ ಬ್ಯಾಂಕು 2021ರಲ್ಲಿ ನಿಯಮ ಮಾಡಿತು. ಒಡವೆಗೆ ಸಿಗುವ ಕಾವಲು ಒಡಲಿಗೂ ಸಿಗಬೇಕಲ್ಲವೇ?

ಆದೇಶವಾಗಿ ಐದು ವರ್ಷ ಸಮೀಪಿಸುವಾಗಲೂ ಪರಿಸ್ಥಿತಿ ಸಮಾಧಾನಕರವಾಗಿರಲಿಲ್ಲ ಎಂಬುದಕ್ಕೆ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸ್ ವಶದಲ್ಲಿನ ಸಾವುಗಳ ಪತ್ರಿಕಾ ವರದಿಯೊಂದನ್ನು ಓದಿ, ಠಾಣೆಗಳಲ್ಲಿ ಕೆಲಸ ಮಾಡದ ಸಿಸಿಟಿವಿಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡದ್ದೇ ಸಾಕ್ಷಿ. ಒಳ್ಳೆಯ ಬದಲಾವಣೆಗಳೂ ಇಲ್ಲದಿಲ್ಲ. 2024ರಲ್ಲಿ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಹಾಗೂ ಜಪ್ತಿಯನ್ನು ಪೊಲೀಸರೇ ವಿಡಿಯೋ ಮಾಡಬೇಕು. ಮೊಬೈಲ್ ಬಳಸಿದರೂ ಆದೀತು ಎಂದು ಕಾಯ್ದೆಯೇ ಹೇಳುತ್ತದೆ. ಪೊಲೀಸರ ಕೆಲಸದ ಚಿತ್ರೀಕರಣ ಕಡ್ಡಾಯವೆಂದು ಸರಕಾರವೇ ಹೇಳಿದ ಮೇಲೆ, ಚಿತ್ರೀಕರಣವೇ ಪೊಲೀಸರಿಗೆ ಅವಮಾನ ಎಂಬ ಮಾತಿಗೆ ಅರ್ಥ ಉಳಿಯಿತೇ?

ದೂರು ಕೊಡುವುದಾದರೂ ಎಲ್ಲಿ?

ಪೊಲೀಸರ ಮೇಲಿನ ದೂರನ್ನು ಪೊಲೀಸರಿಗೇ ಕೊಡಬೇಕೆನ್ನುವುದು ನಮ್ಮವರ ದೊಡ್ಡ ನಿರಾಶೆ. 'ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಲ್ಲಿ ಹೇಳುವುದು' ಎನ್ನುತ್ತಾರೆ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ತೀರ್ಪಿತ್ತು, ಪ್ರತಿ ರಾಜ್ಯದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು ಹೇಳಿತು. ಗಮನಿಸಿ, ಇದನ್ನು ಕೇಳಿದವರೂ ಪೊಲೀಸರೇ. ಕರ್ನಾಟಕ 2012ರಲ್ಲಿ, ಮಹಾರಾಷ್ಟ್ರ 2014ರಲ್ಲಿ ತಮ್ಮ ಪೊಲೀಸ್ ಕಾಯ್ದೆ ತಿದ್ದಿ ಪ್ರಾಧಿಕಾರಕ್ಕೆ ಅವಕಾಶ ಮಾಡಿದವು. ಪೊಲೀಸ್ ವಶದಲ್ಲಿ ಸಾವು, ತೀವ್ರ ಗಾಯ, ಸುಲಿಗೆ ಮುಂತಾದ ದೂರುಗಳನ್ನು ಅಲ್ಲಿ ಕೊಡಬಹುದು. ಮಾನವ ಹಕ್ಕು ಆಯೋಗಗಳೂ ಇವೆ. ಒಂದು ಕಿವಿಯ ಶ್ರವಣಶಕ್ತಿ ಶಾಶ್ವತವಾಗಿ ಹೋದರೆ ಅದು ಕಾನೂನಿನ ಪ್ರಕಾರ ತೀವ್ರ ಗಾಯವೇ. ಆದರೆ ಎಲ್ಲಿಗೆ ಹೋದರೂ ಕೈಯಲ್ಲಿ ಕಾಗದ ಬೇಕು, ದಿನಾಂಕ ಬೇಕು, ಸಾಕ್ಷ್ಯ ಬೇಕು. ವೋಚರ್ ಇಲ್ಲದೆ ಖಾತೆಗೆ ಜಮಾ ಆಗುವುದಿಲ್ಲ.

ನಮ್ಮ ಸಂಘ-ಸಂಸ್ಥೆಗಳು ಏನು ಮಾಡಬಹುದು?

ನಮ್ಮ ವಕೀಲ ಮಿತ್ರರು ಹೇಳಿಕೊಟ್ಟ ಕೆಲವು ವಿಷಯಗಳನ್ನು ಓದುಗರ, ಮುಖ್ಯವಾಗಿ ಹೊಟೇಲ್ ಕಾರ್ಮಿಕ ಬಂಧುಗಳ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇನೆ. ವಿಡಿಯೋ ತೆಗೆಯುವುದಾದರೆ ಹತ್ತು ಹೆಜ್ಜೆ ದೂರ ನಿಲ್ಲಿ, ಅಡ್ಡ ಹೋಗಬೇಡಿ, ಕೆಣಕುವ ಮಾತಾಡಬೇಡಿ. ಮೊದಲಿನಿಂದ ಕೊನೆಯ ತನಕ ತೆಗೆಯಿರಿ, ನಡುವೆ ಕತ್ತರಿಸಬೇಡಿ. ಮೂಲ ಪ್ರತಿಯನ್ನು ಅದೇ ಮೊಬೈಲಿನಲ್ಲಿ ಉಳಿಸಿ, ನಂಬಿಕೆಯ ಒಬ್ಬರಿಗೆ ಕೂಡಲೇ ಕಳುಹಿಸಿಡಿ. ವಾಟ್ಸಾಪ್ ಗುಂಪುಗಳಿಗೆ ಹಂಚುವುದು ಬೇಡ. ಅದು ದೂರಿಗೆ ಸಾಕ್ಷ್ಯ, ಊರಿಗೆ ಮನರಂಜನೆಯಲ್ಲ. ಹೆಂಗಸರ, ಮಕ್ಕಳ ಮುಖ ಬೀಳದಂತೆ ನೋಡಿಕೊಳ್ಳಿ. ನೌಕಾನೆಲೆಯಂತಹ ನಿಜವಾದ ನಿಷೇಧಿತ ಸ್ಥಳಗಳಲ್ಲಿ ಕ್ಯಾಮೆರಾ ಎತ್ತಲೇಬೇಡಿ. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು ಓದುವಂತೆ ಇರಬೇಕು, ಬಂಧಿತನ ಮನೆಯವರಿಗೋ ಮಿತ್ರರಿಗೋ ತಿಳಿಸಬೇಕು ಎಂದು 1996ರ ಡಿಸೆಂಬರಿನಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಹೆಸರನ್ನು ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ಟಾಗಿದ್ದರೆ ವೈದ್ಯರ ಮುಂದೆ ಸತ್ಯ ಹೇಳಿ. ಬಚ್ಚಲಲ್ಲಿ ಬಿದ್ದೆ ಎಂದು ಒಮ್ಮೆ ಬರೆಸಿದ ಮೇಲೆ ಅದನ್ನು ತಿದ್ದಲು ಬ್ರಹ್ಮನಿಗೂ ಕಷ್ಟ.

ಇನ್ನು ನೋಡುವವರಿಗೂ ಒಂದು ಮಾತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಮೊಬೈಲ್ ಕಾಲಕ್ಕೇ ಹೇಳಿಸಿದಂತಿದೆ. ಪೊಲೀಸರ ಮೇಲಿನ ವಿಡಿಯೋ ಬಂದ ಕೂಡಲೇ ತೀರ್ಪು ಕೊಡುವುದು ಬೇಡ. ಆ ಇಪ್ಪತ್ತು ಸೆಕೆಂಡಿನ ಸಂಕಟ ನಾನು ಉಂಡವನು.

ನಮ್ಮ ಸಂಘಗಳು ವಾರ್ಷಿಕೋತ್ಸವ, ಯಕ್ಷಗಾನ, ಸನ್ಮಾನ, ವಿದ್ಯಾರ್ಥಿವೇತನ ಎಲ್ಲವನ್ನೂ ಚೆನ್ನಾಗಿಯೇ ನಡೆಸುತ್ತಿವೆ. ಅದರೊಂದಿಗೆ ವರ್ಷಕ್ಕೊಮ್ಮೆ ಕಾನೂನು ಮಾಹಿತಿ ಶಿಬಿರ, ರಾತ್ರಿ ಕರೆದರೆ ಬರುವ ಇಬ್ಬರು ವಕೀಲರ ನಂಬರು, ಸ್ಥಳೀಯ ಠಾಣೆಯ ಅಧಿಕಾರಿಗಳನ್ನೂ ಕರೆದು ಒಂದು ಮುಕ್ತ ಸಂವಾದ ಇಷ್ಟಾದರೂ ಮಾಡಬಾರದೇ? ನಮ್ಮ ಸಂಘದ ಕಳೆದ ಮಹಾಸಭೆಯಲ್ಲಿ ನಾನು ಈ ಸಲಹೆ ಇಟ್ಟೆ. 'ಪೊಲೀಸರನ್ನು ಎದುರು ಹಾಕಿಕೊಳ್ಳುವುದು ಯಾಕೆ' ಎಂದು ಒಬ್ಬ ಹಿರಿಯರು ಕೇಳಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. 2023ರ ಆ ರಾತ್ರಿ ನಾನೂ ಅದನ್ನೇ ಕೇಳಿದ್ದೆ. ಎದುರು ಹಾಕಿಕೊಳ್ಳುವುದಲ್ಲ ಸ್ವಾಮಿ, ಎದುರು ಕುಳಿತು ಮಾತಾಡುವುದು ಎಂದೆ. ಸಲಹೆ ಸ್ವೀಕೃತವಾಯಿತು.

ಆ ಹುಡುಗ ಈಗಲೂ ಇದೇ ಮಹಾನಗರದಲ್ಲಿದ್ದಾನೆ, ಬೇರೆ ಹೊಟೇಲಿನಲ್ಲಿ. ಕಿವಿಯ ತೂತು ಮೂರು ತಿಂಗಳಲ್ಲಿ ಕೂಡಿಕೊಂಡಿತು. ಆದರೆ ಮೊದಲಿನಷ್ಟು ಕೇಳಿಸುವುದಿಲ್ಲ ಎನ್ನುತ್ತಾನೆ. ನಮ್ಮ ಸಂಘದ ಯಕ್ಷಗಾನಕ್ಕೆ ತಪ್ಪದೆ ಬರುತ್ತಾನೆ. ಮೊನ್ನೆಯೂ ಬಂದಿದ್ದ. ಸಭಾಂಗಣದ ಎಡಬದಿಯ ಕುರ್ಚಿಯನ್ನೇ ಹುಡುಕಿ ಕುಳಿತ, ಬಲಗಿವಿ ರಂಗಸ್ಥಳದ ಕಡೆಗೆ ಬರುವಂತೆ. ನನ್ನನ್ನು ಕಂಡು ಎದ್ದು ನಮಸ್ಕರಿಸಿದ. ಅವನ ಮನಸ್ಸಿನಲ್ಲಿ ನನ್ನ ಮೇಲೆ ಏನೂ ಇಲ್ಲ. ನನ್ನ ಲೆಕ್ಕದಲ್ಲಿ ಮಾತ್ರ ಆ ನಲವತ್ತು ಸೆಕೆಂಡು ಇನ್ನೂ ತಾಳೆಯಾಗಿಲ್ಲ.